ಪೆಟ್ರೋಲು ನೂರರಿಂದ ಸೊನ್ನೆಗೆ

ಮೊನ್ನೆ ಶಾಲೆಯ ಆಫೀಸಿನಲ್ಲಿ ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಸಿಕ್ಕಿಸುವ ಮೊದಲು ಅದರ ಬಾಯಿಗೊಮ್ಮೆ ಉಫ್ ಎಂದು ಊದಿದೆ. ಇಡೀ ಆಫೀಸು ನಕ್ಕಿತು. ಇಡೀ ಆಫೀಸು ಎಂದರೆ ಮೂರೇ ಜನ. ಅವರಲ್ಲಿ ಒಬ್ಬರು ಹಾಜರಿ ಪುಸ್ತಕದಲ್ಲಿ ನಾಳಿನ ಸಹಿಯನ್ನೂ ಇವತ್ತೇ ಮಾಡಿ ಹಗುರಾಗುವವರು, ಇನ್ನೊಬ್ಬರು ಮೊಬೈಲಿಗೆ ಬಂದ ಪ್ರತಿ ಶುಭೋದಯಕ್ಕೂ ಕೈಮುಗಿದ ಚಿತ್ರ ಕಳಿಸುವವರು, ಮೂರನೆಯವರು ಆ ಇಬ್ಬರು ನಕ್ಕರೆ ನಗುವವರು. ಇಂಥವರು ನಕ್ಕರೆಂದು ನಾನು ಊದುವುದನ್ನು ಬಿಡಲೇ? ಇನ್ನೊಮ್ಮೆ ಊದಿದೆ, ಸ್ವಲ್ಪ ಜೋರಾಗಿಯೇ.

ನೀವು ನಲವತ್ತು ದಾಟಿದವರಾದರೆ ಈ ಊದುವಿಕೆಯ ಮೂಲವನ್ನು ನಿಮಗೆ ಹೇಳಬೇಕಾಗಿಲ್ಲ. ದಾಟದವರಿಗೆ ಹೇಳುತ್ತೇನೆ, ಕೇಳುವ ತಾಳ್ಮೆ ನಿಮಗಿಲ್ಲವೆಂದು ಗೊತ್ತಿದ್ದೂ. ನಮ್ಮ ಕಾಲದಲ್ಲಿ ವಿಡಿಯೋ ಗೇಮ್ ಎಂದರೆ ಟಿವಿಗೆ ಜೋಡಿಸುವ ಒಂದು ಡಬ್ಬಿ, ಆ ಡಬ್ಬಿಯ ತಲೆಗೆ ಒತ್ತುವ ಅಂಗೈಯಗಲದ ಹಳದಿ ಕ್ಯಾಸೆಟ್ಟು. ಒತ್ತಿದೊಡನೆ ಆಟ ಬಂತೆಂದರೆ ಅದು ಪುಣ್ಯ. ಸಾಮಾನ್ಯವಾಗಿ ಬರುತ್ತಿದ್ದದ್ದು ನಡುಗುವ ಬೂದು ಚೌಕಗಳು. ಆಗ ಕ್ಯಾಸೆಟ್ ಕಿತ್ತು, ಅದರ ಬಾಯಿಗೆ ಊದಿ, ಮತ್ತೆ ಒತ್ತಬೇಕು. ಇದನ್ನು ನಮಗೆ ಯಾರೂ ಕಲಿಸಿರಲಿಲ್ಲ. ಆ ಕ್ಯಾಸೆಟ್ಟಿನ ಮೇಲೆ ಲಕ್ಷಗಟ್ಟಲೆ ಆಟಗಳಿವೆ ಎಂದು ಬರೆದಿರುತ್ತಿತ್ತು. ಒಳಗಿರುತ್ತಿದ್ದದ್ದು ಆರೋ ಏಳೋ, ಉಳಿದವೆಲ್ಲ ಅವೇ ಆಟಗಳು ಬೇರೆ ಬೇರೆ ಬಣ್ಣದ ಅಂಗಿ ತೊಟ್ಟು ಬಂದವು. ಜಾಹೀರಾತಿನ ಬಗ್ಗೆ ನನಗೆ ತಿರಸ್ಕಾರ ಹುಟ್ಟಿದ್ದು ಆ ವಯಸ್ಸಿನಲ್ಲಿ. ಆಮೇಲೆ ಅದು ಜಾಹೀರಾತಿಗಷ್ಟೇ ಸೀಮಿತವಾಗಿ ಉಳಿಯಲಿಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ.

ಈ ಊದುವ ಚಟ ಬಿಡು ಎಂದು ಒಬ್ಬನೇ ಮನುಷ್ಯ ನನಗೆ ಎರಡು ಸಲ ಹೇಳಿದ್ದಾನೆ. ಎರಡು ಸಲದ ನಡುವೆ ಮೂವತ್ತು ವರ್ಷದ ಅಂತರ. ಆ ಮನುಷ್ಯ ನನ್ನ ಈರಣ್ಣ ಕಾಕಾ, ನಮ್ಮಪ್ಪನ ತಮ್ಮ.

ಮೂಡಲಗಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕಾಕಾನ ಟಿವಿ ರಿಪೇರಿ ಅಂಗಡಿ ಇತ್ತು. ಹೊಟ್ಟೆ ಬಿಚ್ಚಿದ ಟಿವಿಗಳು, ಡಬ್ಬಿಗಟ್ಟಲೆ ಸ್ಕ್ರೂಗಳು, ಯಾವಾಗಲೂ ಹಿಡಿದುಕೊಂಡಿರುವ ರಾಳದ ಹೊಗೆಯ ವಾಸನೆ. ರಿಪೇರಿಯಾದ ಟಿವಿಯಲ್ಲಿ ಚಿತ್ರ ಸರಿಯಾಗಿ ಬರುತ್ತದೋ ಇಲ್ಲವೋ ನೋಡಬೇಕಲ್ಲ, ಹಗಲು ಹೊತ್ತು ಕಾರ್ಯಕ್ರಮಗಳೇ ಇರುತ್ತಿರಲಿಲ್ಲ. ಅದಕ್ಕೆಂದು ಕಾಕಾ ಒಂದು ವಿಡಿಯೋ ಗೇಮ್ ಇಟ್ಟುಕೊಂಡಿದ್ದ. ನಮ್ಮ ಪಾಲಿಗೆ ಅದು ಆಟ, ಅವನ ಪಾಲಿಗೆ ಟೆಸ್ಟರು. ನಾವು ಓಣಿಯ ಹುಡುಗರು ಸಾಲಿ ಬಿಟ್ಟೊಡನೆ ಅಲ್ಲಿಗೆ ಓಡಿ, ಗಿರಾಕಿಗಳ ಟಿವಿಯನ್ನು ಪರೀಕ್ಷಿಸಿಕೊಟ್ಟು ಅವನ ಮೇಲೆ ಉಪಕಾರ ಮಾಡುತ್ತಿದ್ದೆವು.

ಅದರಲ್ಲಿ ಒಂದು ಕೆಂಪು ಕಾರಿನ ಆಟ. ರಸ್ತೆ ಮೇಲಿನಿಂದ ಕೆಳಕ್ಕೆ ಹರಿದು ಬರುತ್ತದೆ, ನಮ್ಮ ಕಾರು ಎಡಬಲ ತಪ್ಪಿಸಿಕೊಳ್ಳುತ್ತ ಓಡಬೇಕು. ಮೂಲೆಯಲ್ಲಿ ಪೆಟ್ರೋಲಿನ ಅಂಕಿ ನೂರರಿಂದ ಒಂದೊಂದಾಗಿ ಇಳಿಯುತ್ತದೆ. ತಮಾಷೆಯೆಂದರೆ ಕಾರು ಓಡಿದರೂ ಅಷ್ಟೇ, ನಿಂತರೂ ಅಷ್ಟೇ, ಪೆಟ್ರೋಲು ಒಂದೇ ಸಮನೆ ಖಾಲಿ. ಆ ಆಟ ಬರೆದವನು ಜೀವಮಾನದಲ್ಲಿ ಕಾರಿಗೆ ಪೆಟ್ರೋಲು ಹಾಕಿಸಿದವನಲ್ಲ ಎಂದು ನಾನು ಆಗಲೇ ತೀರ್ಮಾನಿಸಿದ್ದೆ.

ಕಾಕಾನಿಗೆ ಆ ದಡ್ಡತನವೇ ಬೇಕಾಗಿತ್ತು. ತಂತಿ ಕೂಡಿಸುವ ಸೋಲ್ಡರಿಂಗ್ ಐರನ್ನನ್ನು ಪ್ಲಗ್ಗಿಗೆ ಹಾಕಿದೊಡನೆ ಕೆಂಪು ಕಾರಿನ ಆಟ ಶುರು ಮಾಡಿ, ಕಾರನ್ನು ಒಂದಿಂಚೂ ಓಡಿಸದೆ ನಿಲ್ಲಿಸಿಬಿಡುತ್ತಿದ್ದ. ಪೆಟ್ರೋಲು ನೂರರಿಂದ ಸೊನ್ನೆಗೆ ಬರುವಷ್ಟರಲ್ಲಿ ಐರನ್ ಹದಕ್ಕೆ ಕಾದಿರುತ್ತಿತ್ತು. ಆ ಹೊತ್ತಿನಲ್ಲಿ ಅವನು ಇನ್ನೊಂದು ಟಿವಿಯ ಹೊಟ್ಟೆಯಲ್ಲಿ ತಲೆ ಹಾಕಿರುತ್ತಿದ್ದ. ಪೆಟ್ರೋಲು ಮುಗಿದಾಗ ಬರುವ ಗುಂಯ್ ಸದ್ದಿಗೆ ತಲೆ ಎತ್ತುತ್ತಿದ್ದ. ನಾವು ಮಾತ್ರ ನಿಂತ ಕಾರನ್ನು ನೋಡುತ್ತ ಹಲ್ಲು ಕಡಿಯುತ್ತಿದ್ದೆವು. ಆಟವನ್ನು ಗಡಿಯಾರ ಮಾಡಿಕೊಂಡ ಮನುಷ್ಯನಿಗೆ ಆಟದ ರುಚಿ ಏನು ಗೊತ್ತು ಎಂಬುದು ನಮ್ಮ ಅಭಿಪ್ರಾಯವಾಗಿತ್ತು.

ನಮ್ಮ ಜ್ಞಾನವೋ, ಅದನ್ನು ಕೇಳಲೇಬೇಡಿ. ಪಂಪ್‌ಸೆಟ್ಟಿಗೆಂದು ತ್ರೀಫೇಸ್ ಕರೆಂಟು ಬಂದೊಡನೆ ಮೂಡಲಗಿಯ ಸುತ್ತಲಿನ ಕಬ್ಬಿನ ಗದ್ದೆಗಳ ಮೋಟರುಗಳೆಲ್ಲ ಒಟ್ಟಿಗೆ ಗುರುಗುಟ್ಟುತ್ತಿದ್ದವು. ಊರಿನ ವೋಲ್ಟೇಜು ಕುಸಿಯುತ್ತಿತ್ತು, ಟಿವಿಯ ಚಿತ್ರ ನಾಲ್ಕೂ ಕಡೆ ಕುಗ್ಗಿ ಅಂಚಿನಲ್ಲಿ ಕರಿ ಪಟ್ಟಿ ಬರುತ್ತಿತ್ತು. ವೋಲ್ಟೇಜು ಕಡಿಮೆಯಾದರೆ ಎದುರಿನ ಕಾರುಗಳೂ ನಿಧಾನವಾಗುತ್ತವೆ, ಗೆಲ್ಲಲು ಅದೇ ಸುಮುಹೂರ್ತ ಎಂದು ನಾವು ನಂಬಿದ್ದೆವು. “ತ್ರೀಫೇಸ್ ಬಂತೋ” ಎಂದು ಯಾರಾದರೂ ಕೂಗಿದರೆ ಸಾಕು, ರೈತರಿಗಿಂತ ಮೊದಲು ನಾವು ಓಡುತ್ತಿದ್ದೆವು.

ಅಂಥದೇ ಒಂದು ದಿನ ಕ್ಯಾಸೆಟ್ಟಿಗೆ ಊದುತ್ತಿದ್ದ ನನ್ನ ಕೈಯಿಂದ ಕಾಕಾ ಅದನ್ನು ಕಸಿದುಕೊಂಡ.

“ಊದಬ್ಯಾಡೋ. ಉಗುಳು ಸಿಡಿದು ಒಳಗ ಜಂಗ ಹಿಡಿತೈತಿ.”

“ಊದಿದ್ರನ ಬರತೈತಿ ಕಾಕಾ.”

“ಊದಿದ್ದಕ್ಕ ಬರೂದಲ್ಲ. ಕಿತ್ತು ಮತ್ತ ಒತ್ತತಿ ನೋಡು, ಅದಕ್ಕ ಬರತೈತಿ.” ಹೀಗೆಂದು, ನನ್ನ ಪಾಟೀಚೀಲದಿಂದ ರಬ್ಬರು ತೆಗೆದು ಕ್ಯಾಸೆಟ್ಟಿನ ಹಿತ್ತಾಳೆ ಹಲ್ಲುಗಳನ್ನು ಮೆಲ್ಲಗೆ ಉಜ್ಜಿದ. ಒತ್ತಿದ. ಆಟ ಬಂತು. ನನಗೆ ಸ್ವಲ್ಪವೂ ಸಂತೋಷವಾಗಲಿಲ್ಲ. ಎಲ್ಲರೆದುರು ಸರಿಯಾದ ಮಾತು ಹೇಳುವವರನ್ನು ಕ್ಷಮಿಸುವುದು ನನಗೆ ಅಂದಿನಿಂದ ಇಂದಿನವರೆಗೂ ಕಷ್ಟ.

ಅಂಥ ನಾನು ದೊಡ್ಡವನಾಗಿ ಏನಾದೆ ಎಂದು ನೀವು ಊಹಿಸಿರಬಹುದು. ಗೋಕಾಕಿನ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರನಾದೆ. ತಪ್ಪು ಹುಡುಕುವುದಕ್ಕೆ ತಿಂಗಳಾ ಪಗಾರ ಕೊಡುವ ಕೆಲಸ ಇನ್ನಾವುದಿದೆ? ಕಾಕಾನ ಅಂಗಡಿ ಗೋಡೆಗಂಟುವ ಟಿವಿಗಳು ಬಂದ ಮೇಲೆ ಮುಚ್ಚಿತು. ಅವನ ಮಗ ಮಹಾಂತೇಶನಿಗೆ ಹುಕ್ಕೇರಿಯಲ್ಲಿ ನೌಕರಿ, ಎಲ್ಲರೂ ಅಲ್ಲಿಗೇ ಹೋದರು. ಕಾಕಾ ಅಲ್ಲಿಯೂ ಪಡಸಾಲೆಯ ಕಿಟಕಿಯ ಕೆಳಗೆ ಒಂದು ಟೇಬಲ್ಲು ಹಾಕಿಕೊಂಡು ಓಣಿಯವರ ಮಿಕ್ಸರು, ರೇಡಿಯೋ, ಚಾರ್ಜರುಗಳನ್ನು ರಿಪೇರಿ ಮಾಡುತ್ತಿದ್ದ. ಹೋದ ವರ್ಷ ಅವನಿಗೆ ಲಕ್ವಾ ಹೊಡೆಯಿತು. ಬಲಗೈ ಭಾರವಾಯಿತು, ಮಾತು ಮೊಟಕಾಯಿತು. ಒಂದು ದಿನ ಕಾದ ಐರನ್ನನ್ನು ಟೇಬಲ್ಲಿನ ಮೇಲೆ ಬಿಟ್ಟು ತೂಕಡಿಸಿದ. ಪ್ಲಾಸ್ಟಿಕ್ ಹಾಸು ಹೊತ್ತಿ ಮನೆತುಂಬ ಹೊಗೆ. ಮಹಾಂತೇಶ ಐರನ್ನು, ಇಕ್ಕಳ, ಮೀಟರು ಎಲ್ಲವನ್ನೂ ಕಪಾಟಿಗೆ ಹಾಕಿ ಬೀಗ ಜಡಿದು, ಕೀಲಿಯನ್ನು ಅವ್ವನ ಕೈಗೆ ಕೊಟ್ಟ.

ಅದಾದ ಮೇಲೆ ಕಾಕಾ ಬೆರಳಿನ ವ್ಯಾಯಾಮಕ್ಕೆಂದು ಕೊಟ್ಟ ರಬ್ಬರ್ ಚೆಂಡನ್ನು ಕಿಟಕಿಯಿಂದ ಎಸೆದನಂತೆ. ಯಾರ ಸಂಗಡವೂ ಮಾತಿಲ್ಲ. ಕಾಕಿ ಫೋನು ಮಾಡಿದಳು.

“ತಮ್ಮಾ, ಮುಂಜಾನಿಂದ ಸಂಜೀತನಕ ಆ ಕಪಾಟ ನೋಡಕೋತ ಕುಂದರತಾರ. ಸಾಮಾನು ಕೊಟ್ರ ಮನಿ ಸುಡತಾರ ಅಂತಾನ ಮಾಂತೇಶ. ಕೊಡಲಿಲ್ಲ ಅಂದ್ರ ಅವರು ಉಳಿಯೂದಿಲ್ಲ ಅನಸತೈತಿ ನನಗ. ನೀ ಸಾಲಿ ಮಾಸ್ತರ ಅದಿ. ಒಮ್ಮೆ ಬಂದು ನೋಡು, ಅವರ ಬುದ್ಧಿ ನೆಟ್ಟಗ ಐತೋ ಇಲ್ಲೋ. ನೀ ಹೂಂ ಅಂದ್ರ ಕೊಡತೇನಿ.”

ಬುದ್ಧಿ ನೆಟ್ಟಗಿದೆಯೋ ಇಲ್ಲವೋ ಎಂದು ತಿಳಿಯಲು ಮಾಸ್ತರರಿಗೆ ಗೊತ್ತಿರುವುದು ಒಂದೇ ದಾರಿ, ಪರೀಕ್ಷೆ. ಹಳೆಯ ಕೆಂಪು ಕಾರಿನ ಆಟವನ್ನೇ ಕಂಪ್ಯೂಟರಿನಲ್ಲಿ ಹಾಕಿ ಕಾಕಾನ ಮುಂದಿಡೋಣ, ಬೆರಳಿಗೂ ವ್ಯಾಯಾಮ, ಬುದ್ಧಿಗೂ ಪರೀಕ್ಷೆ ಎಂದು ಯೋಚಿಸಿದೆ. ನನ್ನ ಜಾಣತನಕ್ಕೆ ನಾನೇ ಬೆರಗಾದೆ.

ಹೊಸ ಕಂಪ್ಯೂಟರು ತಾನೇ ಹಳೆಯ ಗೇಮಿನ ಡಬ್ಬಿ ಎಂದು ನಟಿಸುವಂತೆ ಮಾಡುವ ಪ್ರೋಗ್ರಾಮಿಗೆ ಎಮ್ಯುಲೇಟರ್ ಎನ್ನುತ್ತಾರೆ. ಅದನ್ನು ಹಾಕುವುದು ಹೇಗೆಂದು ಇಂಟರ್ನೆಟ್ಟಿನ ಪಂಡಿತರನ್ನು ಕೇಳಿದೆ. ಹತ್ತು ನಿಮಿಷದ ವಿಡಿಯೋದಲ್ಲಿ ನಾಲ್ಕು ನಿಮಿಷ ನಮಸ್ಕಾರ, ಮೂರು ನಿಮಿಷ ಗಂಟೆಯ ಗುಂಡಿ ಒತ್ತಿರೆಂಬ ಗೋಗರೆತ, ಉಳಿದ ಮೂರು ನಿಮಿಷ ಹಿಂದಿನ ವಿಡಿಯೋ ನೋಡಿರೆಂಬ ಅಪ್ಪಣೆ. ಎಲ್ಲರ ಬಾಯಲ್ಲೂ ಒಂದೇ ಮಂತ್ರ, ‘ಸ್ಮೂತ್’. ಆಟ ಸ್ಮೂತಾಗಬೇಕು. ಒಬ್ಬ ಒಂದು ಗುಂಡಿ ಹಚ್ಚು ಎನ್ನುತ್ತಾನೆ, ಇನ್ನೊಬ್ಬ ಅದನ್ನು ಹಚ್ಚಿದವನಿಗೆ ಗತಿಯಿಲ್ಲ ಎನ್ನುತ್ತಾನೆ. ಒಂದು ಆಟವನ್ನೂ ಪೂರ್ತಿ ಆಡದೆ ವರ್ಷಗಟ್ಟಲೆ ಸೆಟ್ಟಿಂಗು ತಿರುವುತ್ತ ಕೂತ ಜನ ಇವರು. ಅಡುಗೆ ಮಾಡದೆ ಪಾತ್ರೆ ಮಾತ್ರ ತಿಕ್ಕುವವರ ಹಾಗೆ.

ನಾನು ಅವರನ್ನು ಬೈಯುತ್ತಲೇ ಅವರು ಹೇಳಿದ್ದನ್ನೆಲ್ಲ ಮಾಡಿದೆ. ನನ್ನ ಹಳದಿ ಕ್ಯಾಸೆಟ್ಟು ಅಟ್ಟದ ಮೇಲಿತ್ತು. ಕಾಕಾ ಅಂಗಡಿ ಮುಚ್ಚುವಾಗ ನನಗೇ ಕೊಟ್ಟದ್ದು. ಅದರೊಳಗಿನ ಆಟವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಸಾಧನ ನಮ್ಮ ಶಾಲೆಯ ಕಂಪ್ಯೂಟರ್ ಮಾಸ್ತರ ನದಾಫ ಸರ್ ಹತ್ತಿರ ಇತ್ತು. ಮೊದಲು ಸದ್ದು ಕರಕರ ಎಂದಿತು. ಸದ್ದನ್ನು ಒಂದಿಷ್ಟು ಮುಂಚೆಯೇ ಕೂಡಿಟ್ಟುಕೊಳ್ಳುವಂತೆ ಮಾಡಿದ ಮೇಲೆ ಅದು ನಿಂತಿತು. ಚಿತ್ರ ನಡುವೆ ಹರಿದಂತೆ ಕಾಣುತ್ತಿತ್ತು. ತೆರೆ ಒಂದು ಚಿತ್ರ ಮುಗಿಸುವವರೆಗೆ ಆಟ ಕಾಯುವಂತೆ ಮಾಡಿದಾಗ ಅದೂ ಸರಿಹೋಯಿತು. ಉಳಿದದ್ದು ಒಂದೇ. ರಸ್ತೆ ಓಡುತ್ತ ಓಡುತ್ತ ನಡುನಡುವೆ ಸಣ್ಣಗೆ ತಡವರಿಸುತ್ತಿತ್ತು. ನನಗೆ ಅದು ಕಣ್ಣಲ್ಲಿ ಬಿದ್ದ ಕಸವಾಯಿತು.

“ಅದು ಹಂಗ ಇರಲಿ ಬಿಡ್ರಿ ಸರ್,” ಎಂದರು ನದಾಫ. “ನಿಮ್ಮ ಕ್ಯಾಸೆಟ್ ನಮ್ಮ ಕಡೆ ಹಳೇ ಟಿವಿ ಸಲುವಾಗಿ ಮಾಡಿದ್ದು. ಸೆಕೆಂಡಿಗೆ ಐವತ್ತು ಚಿತ್ರ. ಈಗಿನ ತೆರಿ ಅರವತ್ತರದು. ಅದಕ್ಕ ಕುಂಟತೈತಿ.”

“ಹಂಗಾದ್ರ ಆಟಾನೂ ಅರವತ್ತಕ್ಕ ಇಡೂನು. ಮುಗೀತಲ್ಲ?”

“ಇಡಾಕ ಬರತೈತ್ರಿ. ಆದ್ರ ಸರ್, ಒಂದು ಮಾತು...”

ಆ ಒಂದು ಮಾತನ್ನು ನಾನು ಕೇಳಲಿಲ್ಲ. ಎರಡು ಮೌಸ್ ಹಾಳು ಮಾಡಿಕೊಂಡು ಮೂರನೆಯದಕ್ಕೆ ಅರ್ಜಿ ಬರೆಯುವ ಮನುಷ್ಯ ನನಗೆ ಅಂಕಿ ಹೇಳಿಕೊಡುವುದೆಂದರೇನು? ಐವತ್ತನ್ನು ಅರವತ್ತು ಮಾಡಿದೆ. ರಸ್ತೆ ಎಣ್ಣೆ ಹಚ್ಚಿದಂತೆ ಜಾರತೊಡಗಿತು. ನಾನು ಆಡಿ ನೋಡಿದೆ, ಮೂರು ಸಲ ಗುದ್ದಿದೆ. ವಯಸ್ಸಾಯಿತು ಎಂದುಕೊಂಡೆ. ಸ್ಮೂತಾಗಿ ಗುದ್ದಿದೆನಲ್ಲ, ಅಷ್ಟು ಸಾಕಾಗಿತ್ತು.

ಲ್ಯಾಪ್‌ಟಾಪಿನಲ್ಲಿ ಈ ಸುಖವಿಲ್ಲ ಎಂದು ಪಂಡಿತರು ಹೇಳಿದ್ದರಿಂದ ಒಂದು ರವಿವಾರ ಮನೆಯ ಸಿಪಿಯು ಡಬ್ಬಿಯನ್ನೇ ಕೀಬೋರ್ಡು, ಆಟದ ಕಂಟ್ರೋಲರಿನ ಸಮೇತ ಚಾದರದಲ್ಲಿ ಸುತ್ತಿ, ಗೋಕಾಕಿನಿಂದ ಹುಕ್ಕೇರಿ ಬಸ್ಸು ಹತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಕಂಡಕ್ಟರು ಬಂದು ಗಂಟನ್ನು ಬೆರಳಿನಿಂದ ಬಡಿದು ನೋಡಿದ.

“ಏನ್ರಿ ಸರ್ ಇದು?”

“ಕಂಪ್ಯೂಟರ್.”

“ದುರಸ್ತಿಗೆ ಒಯ್ಯಾಕತ್ತೀರೇನ್ರಿ?”

“ಇಲ್ಲ. ಆಟಾ ಆಡಾಕ.”

ಅವನು ನನ್ನ ನರೆತ ಮೀಸೆಯನ್ನು ಒಮ್ಮೆ ನೋಡಿ, ಲಗೇಜಿನ ಮಾತೆತ್ತದೆ ಮುಂದೆ ಹೋದ. ಹುಚ್ಚರಿಗೆ ಕೊಡುವ ರಿಯಾಯಿತಿ ಇರಬೇಕು.

ಕಾಕಾ ಪಡಸಾಲೆಯ ಕುರ್ಚಿಯಲ್ಲಿ ಕಪಾಟಿನ ಕಡೆ ಮುಖ ಮಾಡಿ ಕೂತಿದ್ದ. ಮಹಾಂತೇಶನ ಗೋಡೆ ಟಿವಿಗೆ ಕಂಪ್ಯೂಟರು ಜೋಡಿಸಿದೆ. ಕೆಂಪು ಕಾರು ಕಂಡೊಡನೆ ಅವನ ಮುಖದಲ್ಲಿ ಏನೋ ಬೆಳಗಿತು, ಸುಳ್ಳು ಹೇಳುವುದಿಲ್ಲ. ಕಂಟ್ರೋಲರನ್ನು ಕೈಗೆ ಕೊಟ್ಟೆ. ಬಲಗೈ ಹೆಬ್ಬೆರಳು ಗುಂಡಿಯ ಮೇಲೆ ಮೆಲ್ಲಗೆ ಕೂತಿತು. ಕಾರು ಹೊರಟು ಮೊದಲ ಲಾರಿಗೇ ಗುದ್ದಿತು. ಎರಡನೆಯ ಸಲ ರಸ್ತೆಯ ಅಂಚಿಗೆ. ಮೂರನೆಯ ಸಲ ಮತ್ತೆ ಲಾರಿಗೆ.

“ಓಡಾಕತ್ತೈತಿ,” ಎಂದ ಕಾಕಾ. ಮಾತು ಒಂದೊಂದೇ ಬರುತ್ತಿತ್ತು. “ಇದು ಭಾಳ ಓಡಾಕತ್ತೈತಿ.”

“ಹಂಗೇನಿಲ್ಲ ಕಾಕಾ. ಮೂಡಲಗ್ಯಾಗ ವೋಲ್ಟೇಜ್ ಕಮ್ಮಿ ಇತ್ತು, ಅದಕ್ಕ ನಿಧಾನ ಇತ್ತು. ಇಲ್ಲಿ ಫುಲ್ ಐತಿ ನೋಡು.”

ಗಣಿತದ ಮಾಸ್ತರ, ನಲವತ್ತಾರು ವರ್ಷ, ಈ ಮಾತು ಹೇಳಿದೆ. ಕಾಕಾ ನನ್ನನ್ನು ನೋಡಿದ ನೋಟ ನನಗೆ ಅರ್ಥವಾಗಲಿಲ್ಲ. ಈಗ ಆಗುತ್ತದೆ. ಹೋಮ್‌ವರ್ಕ್ ಮಾಡದೆ ಬಂದ ಹುಡುಗನನ್ನು ನಾನು ಹಾಗೇ ನೋಡುತ್ತೇನೆ.

“ವೋಲ್ಟೇಜಿಗೂ ಓಡೂದಕ್ಕೂ... ಏನ ಸಂಬಂಧ?” ಎಂದಷ್ಟೇ ಹೇಳಿ, ಅವನು ಆಟವನ್ನು ಮತ್ತೆ ಶುರು ಮಾಡಿದ. ಈ ಸಲ ಕಾರನ್ನು ಓಡಿಸಲೇ ಇಲ್ಲ. ಕಂಟ್ರೋಲರನ್ನು ತೊಡೆಯ ಮೇಲಿಟ್ಟು ನಿಂತ ಕಾರನ್ನು ನೋಡುತ್ತ ಕೂತ. ನಡುನಡುವೆ ಎಡಗೈಯ ಗಡಿಯಾರ ನೋಡಿಕೊಂಡ. ನಾನು ಯಾವಾಗ ಹೋಗುತ್ತೇನೆಂದು ನೋಡುತ್ತಿದ್ದಾನೆ ಅಂದುಕೊಂಡೆ. ಪೆಟ್ರೋಲು ಸೊನ್ನೆಗೆ ಬಂತು, ಗುಂಯ್ ಎಂದಿತು. ಮತ್ತೊಮ್ಮೆ ಶುರು ಮಾಡಿದ, ಮತ್ತೊಮ್ಮೆ ಸುಮ್ಮನೆ ಕೂತ.

“ನೂರು,” ಎಂದ.

“ಹೌದು ಕಾಕಾ, ಪೆಟ್ರೋಲ್ ನೂರ ಇರತೈತಿ.”

“ನೂರಾ ಇಪ್ಪತ್ತು ಆಗಬೇಕು.”

“ಇಲ್ಲ ಕಾಕಾ, ನೂರ.” ಒಂದನೇ ಇಯತ್ತೆಯ ಮಗುವಿಗೆ ಹೇಳುವಷ್ಟು ಮೃದುವಾಗಿ ಹೇಳಿದೆ. ಅವನು ಕಣ್ಣು ಮುಚ್ಚಿಕೊಂಡ.

ಅಡುಗೆಮನೆಯಲ್ಲಿ ಕಾಕಿಯೂ ಮಹಾಂತೇಶನೂ ನನ್ನ ಬಾಯನ್ನೇ ನೋಡುತ್ತಿದ್ದರು. ಆಟ ಹೇಗೆ ಆಡಬೇಕೆಂಬುದೇ ಮರೆತುಹೋಗಿದೆ, ಅಂಕಿಗಳು ಅದಲುಬದಲಾಗಿವೆ, ನೂರಕ್ಕೆ ನೂರಾ ಇಪ್ಪತ್ತು ಎನ್ನುತ್ತಾನೆ ಎಂದೆ. “ಸಾಮಾನು ಸದ್ಯಕ್ಕ ಕೊಡಬ್ಯಾಡ್ರಿ.” ಮಹಾಂತೇಶ ತಲೆ ತಗ್ಗಿಸಿದ. ಕಾಕಿ ಸೊಂಟದ ಕೀಲಿಯನ್ನು ಸೆರಗಿನ ಒಳಗೆ ಸರಿಸಿಕೊಂಡಳು. ಮೆಲ್ಲಗೇ ಹೇಳಿದ್ದೆ ಎಂದು ನನ್ನ ಭಾವನೆ. ಆದರೆ ಇಪ್ಪತ್ತು ವರ್ಷ ತರಗತಿಯಲ್ಲಿ ಕೂಗಿದವನ ಮೆಲುದನಿ ಓಣಿಯ ತುದಿಗೂ ಕೇಳುತ್ತದೆ. ಹೊರಗೆ ಬಂದಾಗ ಕಾಕಾ ಗಡಿಯಾರವನ್ನು ಬಿಚ್ಚಿ ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದ.

“ಊಟಾ ಮಾಡಿ ಹೋಗು ಮಾಸ್ತರ,” ಎಂದ. ಅವನು ಯಾವತ್ತೂ ನನ್ನನ್ನು ಮಾಸ್ತರ ಎಂದು ಕರೆದವನಲ್ಲ.

ಎರಡು ರೊಟ್ಟಿ ತಿಂದು ಎದ್ದೆ. ಮಧ್ಯಾಹ್ನದ ಬಸ್ಸಿನಲ್ಲಿ ಚಾದರದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಮರಳುವಾಗ ಕಾಕಾನ ಬಗ್ಗೆ ಯೋಚಿಸಬಾರದೆಂದು ಸೋಮವಾರದ ಪಾಠದ ಬಗ್ಗೆ ಯೋಚಿಸಿದೆ. ಒಂಬತ್ತನೆಯ ತರಗತಿಗೆ ವಿಲೋಮ ಅನುಪಾತ. ಕೂಲಿಯವರು ಹೆಚ್ಚಾದರೆ ದಿನ ಕಡಿಮೆ. ಐವತ್ತು ಕೂಲಿಯವರು ನೂರಾ ಇಪ್ಪತ್ತು ದಿನದಲ್ಲಿ ಮುಗಿಸುವ ಕೆಲಸವನ್ನು ಅರವತ್ತು ಕೂಲಿಯವರು ಎಷ್ಟು ದಿನದಲ್ಲಿ ಮುಗಿಸುತ್ತಾರೆ? ಇದು ನಾನು ವರ್ಷವೂ ಕೇಳುವ ಲೆಕ್ಕ. ಉತ್ತರ ನೂರು.

ಧುಪದಾಳದ ಹತ್ತಿರ ಎಮ್ಮೆಗಳು ಅಡ್ಡ ಬಂದು ಬಸ್ಸು ನಿಂತಿತ್ತು. ನೂರು, ನೂರಾ ಇಪ್ಪತ್ತು: ಕಾಕಾ ಹೇಳಿದ ಅಂಕಿಗಳೂ ಇವೇ.

ಕಾಕಾ ಆಟ ಮರೆತಿರಲಿಲ್ಲ. ಗಡಿಯಾರ ಹಿಡಿದು ಆಟದ ವೇಗ ಅಳೆಯುತ್ತಿದ್ದ. ಅವನ ಅಂಗಡಿಯಲ್ಲಿ ಪೆಟ್ರೋಲು ಮುಗಿಯಲು ನೂರಾ ಇಪ್ಪತ್ತು ಸೆಕೆಂಡು ಬೇಕಾಗುತ್ತಿತ್ತು. ಎರಡು ನಿಮಿಷ, ಐರನ್ ಕಾಯುವಷ್ಟು ಹೊತ್ತು. ನಾನು ಐವತ್ತನ್ನು ಅರವತ್ತು ಮಾಡಿದ್ದರಿಂದ ಅದು ನೂರೇ ಸೆಕೆಂಡಿಗೆ ಮುಗಿಯಿತು. ಲಾರಿಗಳೂ ಅಷ್ಟೇ ಅವಸರದಲ್ಲಿ ಅವನ ಮೇಲೆ ಬಂದವು. ಅವನು ಒಂದಲ್ಲ, ಎರಡು ಸಲ ಅಳೆದು ಖಾತ್ರಿ ಮಾಡಿಕೊಂಡು ನನಗೆ ಹೇಳಿದ. ಮೊಟಕಾದ ಬಾಯಿಂದ ಅಷ್ಟನ್ನು ಹೇಳಲು ಅವನಿಗೆಷ್ಟು ಕಷ್ಟವಾಗಿರಬೇಕು. ನಾನು ಅವನಿಗೆ ಅಂಕಿ ಕಲಿಸಿದೆ. ನನಗೆ ನಾಚಿಕೆಯಾಯಿತು. ನಾಚಿಕೆ ಎಂಬುದು ಸಣ್ಣ ಮಾತು, ಆ ಸೀಟಿನ ಕೆಳಗೆ ತೂರಿಕೊಳ್ಳಬೇಕೆನ್ನಿಸಿತು. ಲೋಕದ ಎಲ್ಲರ ತಪ್ಪಿಗೂ ಕೆಂಪು ಗೆರೆ ಎಳೆಯುವ ನನ್ನ ಪೆನ್ನು ಎಲ್ಲಿ ಹೋಗಿತ್ತು?

ಘಟಪ್ರಭೆಯಲ್ಲಿ ಗಡಬಡಿಸಿ ಇಳಿದೆ. ಇಳಿಯುವಾಗ ಗಂಟಿನಿಂದ ಜೋತಾಡುತ್ತಿದ್ದ ಕಂಟ್ರೋಲರಿನ ತಂತಿ ಸೀಟಿನ ಕೊಂಡಿಗೆ ಸಿಕ್ಕಿ ಪಟ್ಟನೆ ಕಿತ್ತುಬಂತು. ಹುಕ್ಕೇರಿ ಕಡೆಗೆ ಹೋಗುವ ಬಸ್ಸು ಹಿಡಿದೆ. ಟಿಕೆಟ್ ಕೊಡಲು ಬಂದವನು ಮುಂಜಾನೆಯ ಕಂಡಕ್ಟರೇ.

“ಮತ್ತ ನೀವ ಏನ್ರಿ ಸರ್? ಆಟಾ ಮುಗಿದಿಲ್ಲೇನ್ರಿ?”

“ಇಲ್ಲ,” ಎಂದೆ. “ನಾ ಸೋತೇನಿ. ಹೇಳಿ ಬರಾಕ ಹೊಂಟೇನಿ.”

ನಾನು ಮನೆ ಹೊಕ್ಕಾಗ ಕಾಕಾ ಅದೇ ಕುರ್ಚಿಯಲ್ಲಿ ಅದೇ ಕಪಾಟನ್ನು ನೋಡುತ್ತ ಕೂತಿದ್ದ. ಸೀದಾ ಕಂಪ್ಯೂಟರು ಜೋಡಿಸಿದೆ. ಆಟವನ್ನು ಐವತ್ತಕ್ಕೆ ಇಳಿಸಿದೆ. ಮತ್ತೆ ಸಣ್ಣಗೆ ಕುಂಟಿತು. ಆಗ ಕಂಪ್ಯೂಟರಿನಲ್ಲೇ ಟಿವಿ ತೆರೆಯ ವೇಗದ ಸೆಟ್ಟಿಂಗನ್ನೂ ಹುಡುಕಿ ಅದನ್ನೂ ಅರವತ್ತರಿಂದ ಐವತ್ತಕ್ಕೆ ತಂದೆ. ಕುಂಟುವುದು ನಿಂತಿತು. ಆಟವನ್ನು ತೆರೆಗೆ ತಕ್ಕಂತೆ ಓಡಿಸುವ ಬದಲು ತೆರೆಯನ್ನೇ ಆಟಕ್ಕೆ ತಕ್ಕಂತೆ ನಿಧಾನ ಮಾಡಬೇಕಿತ್ತು, ಅಷ್ಟೇ. ನದಾಫ ಸರ್ ಹೇಳಹೊರಟಿದ್ದ ಆ ಒಂದು ಮಾತು ಇದೇ ಇರಬೇಕು.

ಕಿಟಕಿಯ ಕಟ್ಟೆಯಿಂದ ಗಡಿಯಾರ ತಂದು ಕಾಕಾನ ಅಂಗೈಯಲ್ಲಿಟ್ಟೆ. ಕೀಬೋರ್ಡಿನಿಂದ ಆಟ ಶುರು ಮಾಡಿದೆ. ಕೆಂಪು ಕಾರು ನಿಂತಿತ್ತು. ಪೆಟ್ರೋಲು ಇಳಿಯತೊಡಗಿತು. ಕಾಕಿ ಬಾಗಿಲಲ್ಲಿ, ಮಹಾಂತೇಶ ಅವಳ ಹಿಂದೆ. ಮೂಡಲಗಿಯಲ್ಲಿ ಹಲ್ಲು ಕಡಿಯುತ್ತ ನೋಡುತ್ತಿದ್ದ ನಿಂತ ಕಾರನ್ನು ನಾನು ಅವತ್ತು ಕೈಮುಗಿದು ನೋಡಿದೆ. ಗುಂಯ್ ಎಂದಿತು.

“ನೂರಾ ಇಪ್ಪತ್ತು,” ಎಂದ ಕಾಕಾ. ಗಡಿಯಾರವನ್ನು ಎಡಗೈಗೆ ಕಟ್ಟು ಎಂದು ನನ್ನೆಡೆ ಚಾಚಿದ. ಕಟ್ಟಿದೆ.

“ಕಾಕಾ, ನಾ ತಪ್ಪು ಮಾಡಿದೆ.”

“ಹೂಂ,” ಎಂದ. ಇಲ್ಲ ಬಿಡು ಎನ್ನಲಿಲ್ಲ. ಅದು ಅವನ ಸ್ವಭಾವವೂ ಅಲ್ಲ. ಚಾದರದ ಮೇಲೆ ಬಿದ್ದಿದ್ದ ಕಂಟ್ರೋಲರಿನ ಹರಿದ ತಂತಿಯನ್ನು ನೋಡಿ, “ಅದೇನ?” ಎಂದ.

“ಬಸ್ಸಿನ್ಯಾಗ ಹರೀತು.”

ಕಾಕಾ ತಂತಿಯ ತುದಿಯನ್ನು ತಿರುವಿ ನೋಡಿದ. ಒಳಗೆ ನಾಲ್ಕು ಕೂದಲೆಳೆಯಂಥ ತಂತಿಗಳು. ಆಮೇಲೆ ಕಾಕಿಯ ಮುಖ ನೋಡಿದ. ಅವಳು ನನ್ನ ಮುಖ ನೋಡಿದಳು.

“ಈಗೇನಂತೀಯೋ ತಮ್ಮಾ?”

“ನನ್ನ ಕೇಳಬ್ಯಾಡ ಕಾಕಿ. ಪರೀಕ್ಷಾದಾಗ ಫೇಲ್ ಆದಾಂವ ನಾ.”

“ಅಣ್ಣಾ, ಅವತ್ತು ಹಾಸು ಸುಟ್ಟಿದ್ದು ಖರೆ ಐತಲ್ಲ?” ಎಂದ ಮಹಾಂತೇಶ. ಅವನ ಹೆದರಿಕೆಯೂ ಸುಳ್ಳಲ್ಲ. ಉತ್ತರ ಕಾಕಿಯಲ್ಲಿತ್ತು. ಅವಳು ಅಡುಗೆಮನೆಗೆ ಹೋಗಿ ರೊಟ್ಟಿ ಸುಡುವ ಕಬ್ಬಿಣದ ಹಂಚು ತಂದು ಟೇಬಲ್ಲಿನ ಮೇಲೆ ಧಡ್ ಎಂದಿಟ್ಟಳು. “ಇದನ್ನ ಏನ ಸುಡತಾರ ಸುಡಲಿ. ಐರನ್ ಬಿಸಿ ಇರೂತನಕಾ ಬಾಜೂಕ ನಾ ಕುಂದರತೇನಿ.” ಸೊಂಟದಿಂದ ಕೀಲಿ ತೆಗೆದು ಕಪಾಟು ತೆರೆದಳು.

ಐರನ್ನನ್ನು ಪ್ಲಗ್ಗಿಗೆ ಹಾಕಿದ್ದು ಕಾಕಾನೇ, ಎಡಗೈಯಿಂದ. ಹಾಕಿ ಟಿವಿಯ ಕಡೆ ಕಣ್ಣು ಮಾಡಿದ. ಅರ್ಥವಾಯಿತು. ಕೆಂಪು ಕಾರಿನ ಆಟವನ್ನು ಮತ್ತೆ ಶುರು ಮಾಡಿ ಕಾರನ್ನು ಓಡಿಸದೆ ಬಿಟ್ಟೆ. ಪೆಟ್ರೋಲು ಇಳಿಯುವಷ್ಟರಲ್ಲಿ ಅವನು ನಾಲ್ಕೂ ತಂತಿಗಳ ಸಿಪ್ಪೆಯನ್ನು ಹಲ್ಲಿನಿಂದ ಸುಲಿದ. ಕೆಂಪಿಗೆ ಕೆಂಪು, ಹಸಿರಿಗೆ ಹಸಿರು, ಬಿಳಿಗೆ ಬಿಳಿ, ಕಪ್ಪಿಗೆ ಕಪ್ಪು ಹೊಂದಿಸಿಟ್ಟ. ಸೊನ್ನೆ ಬಂತು, ಗುಂಯ್ ಎಂದಿತು. ಐರನ್ನಿನ ಮೊನೆಗೆ ತವರ ಮುಟ್ಟಿಸಿದ. ಅದು ಥಟ್ಟನೆ ಕರಗಿ ಹೊಳೆಯಿತು. ರಾಳದ ಹೊಗೆ ಎದ್ದಿತು, ಮೂಡಲಗಿಯ ಓಣಿ ನನ್ನ ಮೂಗಿಗೆ ಬಂತು.

ಎಡಗೈಯಲ್ಲಿ ಐರನ್ನು. ಬಲಗೈ ತೂಕದ ಕಲ್ಲಿನಂತೆ ತಂತಿಯ ಮೇಲೆ ಕೂತಿತ್ತು. ಎಳೆಗಳು ಅಲುಗದಂತೆ ಚಿಮುಟದಿಂದ ಹಿಡಿದುಕೊಳ್ಳುವ ಕೆಲಸ ನನ್ನದು. ಮೊದಲ ಬೆಸುಗೆ ತಪ್ಪಿತು, ಎರಡನೆಯ ಸಲವೂ ತಪ್ಪಿತು, ಮೂರನೆಯದಕ್ಕೆ ಕೂತಿತು. ಕಾಕಾನ ಹಣೆಯಲ್ಲಿ ಬೆವರು. ಎರಡನೆಯ ತಂತಿ ಕೂಡಿತು. ಮೂರನೆಯದೂ ಕೂಡಿತು. ನಾಲ್ಕನೆಯದರ ಮೇಲೆ ತವರದ ಹನಿ ಪಾದರಸದಂತೆ ನಡುಗುತ್ತ ನಿಂತಿತು. ಅದು ಬೇಗ ಗಟ್ಟಿಯಾಗಲೆಂದು, ಕಾಕಾನ ಕಷ್ಟ ಬೇಗ ಮುಗಿಯಲೆಂದು, ನನಗೆ ಗೊತ್ತಿಲ್ಲದೆಯೇ ತುಟಿ ದುಂಡಗಾಗಿ ಉಸಿರು ಹೊರಟಿತು.

“ಊದಬ್ಯಾಡೋ,” ಎಂದ ಕಾಕಾ, ಕಣ್ಣೆತ್ತದೆ. “ಊದಿದ್ರ ಬೆಸಗಿ ಕಚ್ಚಾ ಆಗತೈತಿ. ತಾನ ಆರಲಿ.”

ನಾನು ಬಾಯಿ ಮುಚ್ಚಿಕೊಂಡು ಕಾದೆ.